ಬೆರಕೆ ಮದ್ದಿಗೆ ಲೆಕ್ಕ ಕಟ್ಟಿದ ಅಲ್-ಕಿಂದಿ

ನಮ್ಮ ಪತ್ರಿಕೆಯಲ್ಲಿ ಮಹನೀಯರ ಜೀವನ ಚರಿತ್ರೆಯನ್ನು ಹೆಚ್ಚಾಗಿ ವಿಜ್ಞಾನ ವಿಭಾಗದ ಗೆಳೆಯರೇ ಬರೆಯುತ್ತಾರೆ. ಈ ಸಲ ವಾಣಿಜ್ಯ ವಿಭಾಗದ ನಾನು ಬರೆಯುತ್ತಿದ್ದೇನೆ. ವಿಜ್ಞಾನಿಯ ಬಗ್ಗೆ ಬರೆಯಲು ನಿನಗೇನು ಗೊತ್ತು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಬರೆಯುತ್ತಿರುವ ವ್ಯಕ್ತಿ ಮದ್ದನ್ನು ಲೆಕ್ಕದ ಕಣ್ಣಿನಿಂದ ನೋಡಿದವರು. ಲೆಕ್ಕ ನಮ್ಮ ವಿಭಾಗದ ಸ್ವತ್ತು ತಾನೇ!

ಅವರ ಹೆಸರು ಅಬೂ ಯೂಸುಫ್ ಯಾಕೂಬ್ ಇಬ್ನ್ ಇಸ್ಹಾಕ್ ಅಲ್-ಕಿಂದಿ. ಅರಬರ ತತ್ವಜ್ಞಾನಿ ಎಂದೇ ಅವರಿಗೆ ಬಿರುದು. ಅವರ ಬಳಿಗೆ ನನ್ನನ್ನು ಕರೆದುಕೊಂಡು ಹೋದದ್ದು ಪರೀಕ್ಷೆಯೂ ಅಲ್ಲ, ಸ್ಪರ್ಧೆಯೂ ಅಲ್ಲ. ಬೋನಾಳದಲ್ಲಿ ನನ್ನ ಮಾಮು ಹೊಡೆದ ಎಣ್ಣೆ.

ಬೋನಾಳ ನನ್ನ ನಾನಿಯ ಊರು. ಸುರಪುರದ ಹತ್ತಿರ, ಪಕ್ಷಿಧಾಮಕ್ಕೆ ಹೆಸರಾದ ದೊಡ್ಡ ಕೆರೆ ಇರುವ ಊರು. ಚಳಿಗಾಲದಲ್ಲಿ ಎಲ್ಲಿಂದಲೋ ಬರುವ ಬಾತುಗಳನ್ನು ನೋಡಲು ಜನ ಬರುತ್ತಾರೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಸುರಪುರ, ಶಹಾಪುರದ ಕಡೆ ನೆಲ್ಲು ಹೆಚ್ಚಾಯಿತು. ನೆಲ್ಲಿನ ಜೊತೆ ಹುಳವೂ ಬಂತು, ಹುಳದ ಜೊತೆ ಎಣ್ಣೆಯೂ ಬಂತು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು.

ಹೋದ ವರ್ಷ ಮಾಮು ಹುಳಕ್ಕೆ ಎರಡು ಬಗೆಯ ಎಣ್ಣೆ, ರೋಗಕ್ಕೆ ಒಂದು, ಹೀಗೆ ಮೂರನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಡೆದರು. ಮೂರು ಸಲ ಹೊಡೆದರೆ ಮೂರು ದಿನದ ಕೂಲಿ, ಕಲಸಿದರೆ ಒಂದೇ ದಿನದ ಕೂಲಿ. ಸಂಜೆ ಮನೆಗೆ ಬಂದಾಗ ತಲೆ ತಿರುಗುತ್ತಿತ್ತು, ಬಾಯಲ್ಲಿ ನೀರು ಸುರಿಯುತ್ತಿತ್ತು, ಕಣ್ಣು ಮಂಜಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಎಣ್ಣೆ ಎಂದು ಕೇಳಿದರು. ನಾನು ಮೂರು ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಮಾಮು ಮೂರು ದಿನದಲ್ಲಿ ಮನೆಗೆ ಬಂದರು, ಅಲ್ಹಮ್ದುಲಿಲ್ಲಾಹ್. ಆದರೆ ಆ ಮೂರು ರಾತ್ರಿ ನಾನು ಡಬ್ಬಿಗಳ ಚೀಟಿಯನ್ನು ಓದುತ್ತಾ ಕುಳಿತಿದ್ದೆ. ಪ್ರತಿ ಚೀಟಿಯಲ್ಲೂ ಆ ಒಂದು ಎಣ್ಣೆಯ ಅಳತೆ ಇತ್ತು, ಎಚ್ಚರಿಕೆ ಇತ್ತು, ವಿಷ ಏರಿದರೆ ಏನು ಮಾಡಬೇಕು ಎಂದಿತ್ತು. ಮೂರೂ ಸೇರಿದರೆ ಏನಾಗುತ್ತದೆ ಎಂಬುದು ಯಾವ ಚೀಟಿಯಲ್ಲೂ ಇರಲಿಲ್ಲ.

ಬೆರಕೆಯ ಬಲವನ್ನು ಲೆಕ್ಕ ಹಾಕಲು ಸಾಧ್ಯವೇ ಎಂಬ ಈ ಪ್ರಶ್ನೆಯನ್ನು ಹಿಡಿದು ಓದುತ್ತಾ ಹೋದಾಗ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದನ್ನೇ ಕೇಳಿದ ಒಬ್ಬರು ಸಿಕ್ಕರು. ಅವರೇ ಅಲ್-ಕಿಂದಿ.

ಅಲ್-ಕಿಂದಿಯವರು ಸುಮಾರು 801ರಲ್ಲಿ, ಇಂದಿನ ಇರಾಕಿನ ಕೂಫಾ ನಗರದಲ್ಲಿ ಹುಟ್ಟಿದರು. ಕಿಂದಾ ಎಂಬುದು ಅರೇಬಿಯಾದ ಹೆಸರಾಂತ ಬುಡಕಟ್ಟು. ಇಸ್ಲಾಮಿಗೂ ಮೊದಲು ಅದರಲ್ಲಿ ರಾಜರಾಗಿ ಆಳಿದವರಿದ್ದರು. ತಂದೆ ಇಸ್ಹಾಕ್ ಕೂಫಾದ ಗವರ್ನರ್ ಆಗಿದ್ದವರು. ಹುಡುಗ ಯಾಕೂಬ್ ಮನಸ್ಸು ಮಾಡಿದ್ದರೆ ಅಧಿಕಾರದ ದಾರಿ ಹಿಡಿಯಬಹುದಿತ್ತು. ಅವರು ಹಿಡಿದದ್ದು ಓದಿನ ದಾರಿ. ಕೂಫಾದಲ್ಲಿ ಆರಂಭವಾದ ಓದು ಅವರನ್ನು ಬಗ್ದಾದಿಗೆ ಕರೆದೊಯ್ದಿತು.

ಆಗ ಬಗ್ದಾದ್ ಇನ್ನೂ ಹೊಸ ನಗರ. ಖಲೀಫಾ ಅಲ್-ಮನ್ಸೂರ್ ಅದನ್ನು ಕಟ್ಟಲು ಆರಂಭಿಸಿದ್ದು 762ರಲ್ಲಿ. 813ರಿಂದ 833ರವರೆಗೆ ಆಳಿದ ಖಲೀಫಾ ಅಲ್-ಮಾಮೂನ್ ಕಾಲದಲ್ಲಿ ಬೈತುಲ್ ಹಿಕ್ಮಾ, ಅಂದರೆ ಜ್ಞಾನದ ಮನೆ, ಹೆಸರುವಾಸಿಯಾಯಿತು. ಗ್ರೀಕ್, ಸಿರಿಯಾಕ್, ಪಾರ್ಸಿ, ಸಂಸ್ಕೃತ ಗ್ರಂಥಗಳು ಆ ನಗರದಲ್ಲಿ ಅರಬ್ಬಿಗೆ ಬಂದವು. ಅಲ್-ಕಿಂದಿಯವರ ಸುತ್ತ ಅನುವಾದಕರ ಒಂದು ಗುಂಪೇ ಇತ್ತು. ಅರಿಸ್ಟಾಟಲನ ಗ್ರಂಥಗಳನ್ನು ಅವರು ಅನುವಾದ ಮಾಡಿಕೊಟ್ಟರೆ, ಇವರು ಓದಿ, ತಿದ್ದಿ, ಅರಬ್ಬಿಯಲ್ಲಿ ತತ್ವಶಾಸ್ತ್ರಕ್ಕೆ ಬೇಕಾದ ಮಾತುಗಳನ್ನು ಕಟ್ಟಿದರು. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ನನ್ನಂಥವರಿಗೆ ಈ ಕೆಲಸ ಎಷ್ಟು ಕಷ್ಟದ್ದು ಎಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಅಲ್-ಮಾಮೂನ್ ನಂತರ ಬಂದ ಅಲ್-ಮುಅತಸಿಮ್ ಖಲೀಫಾ ಕೂಡ ಅವರನ್ನು ಗೌರವದಿಂದ ನೋಡಿಕೊಂಡರು. ತಮ್ಮ ಮಗ ಅಹ್ಮದನಿಗೆ ಪಾಠ ಹೇಳಲು ಇವರನ್ನೇ ನೇಮಿಸಿದರು. ಅವರ ಅತ್ಯಂತ ಪ್ರಸಿದ್ಧ ತತ್ವಶಾಸ್ತ್ರದ ಗ್ರಂಥ ಅದೇ ಖಲೀಫಾಗೆ ಅರ್ಪಿತವಾಗಿದೆ. ಸತ್ಯ ಎಲ್ಲಿಂದ ಬಂದರೂ, ದೂರದ ದೇಶದ, ಬೇರೆ ಜನಾಂಗದವರಿಂದ ಬಂದರೂ, ಅದನ್ನು ಸ್ವೀಕರಿಸಲು ನಾಚಬಾರದು ಎಂಬ ಅವರ ವಿಚಾರ ಆ ಗ್ರಂಥದಲ್ಲಿದೆ. ದೀನಿಗೂ ತರ್ಕಕ್ಕೂ ಜಗಳವಿಲ್ಲ ಎಂದು ಅವರು ನಂಬಿದ್ದರು.

ಅವರು ಬರೆಯದ ವಿಷಯ ಹುಡುಕುವುದೇ ಕಷ್ಟ. ಸುಮಾರು ನೂರು ವರ್ಷಗಳ ನಂತರ ಬಗ್ದಾದಿನ ಇಬ್ನ್ ಅಲ್-ನದೀಮ್ ತಮ್ಮ ಗ್ರಂಥಸೂಚಿಯಲ್ಲಿ ಅಲ್-ಕಿಂದಿಯವರ ಸುಮಾರು 250 ಬರಹಗಳ ಹೆಸರು ಕೊಟ್ಟಿದ್ದಾರೆ. ಗಣಿತ, ಖಗೋಳ, ಬೆಳಕು, ಸಂಗೀತ, ಸಮುದ್ರದ ಉಬ್ಬರವಿಳಿತ, ಕತ್ತಿಯ ಉಕ್ಕು, ಎಲ್ಲವೂ ಅದರಲ್ಲಿವೆ. ನಮ್ಮ ದೇಶದಿಂದ ಹೋದ ಅಂಕಿಗಳನ್ನು ಬಳಸುವ ಬಗೆಯನ್ನೂ ಅವರು ನಾಲ್ಕು ಭಾಗಗಳಲ್ಲಿ ಬರೆದರು. ಗುಪ್ತ ಲಿಪಿಯನ್ನು ಬಿಡಿಸಲು, ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಪತ್ತೆ ಮಾಡುವ ಉಪಾಯವನ್ನು ವಿವರಿಸಿದ, ಇಂದು ಉಳಿದಿರುವ ಅತಿ ಹಳೆಯ ಬರಹ ಅವರದೇ. ಅತ್ತರು ತಯಾರಿಸುವ ಬಗ್ಗೆ ಅವರ ಹೆಸರಿನಲ್ಲಿರುವ ಪುಸ್ತಕದಲ್ಲಿ ನೂರಕ್ಕೂ ಹೆಚ್ಚು ವಿಧಾನಗಳಿವೆ. ರಸವಿದ್ಯೆಯಿಂದ ಕಬ್ಬಿಣವನ್ನು ಬಂಗಾರ ಮಾಡುತ್ತೇವೆ ಎನ್ನುವವರನ್ನು ಮಾತ್ರ ಅವರು ನಂಬಲಿಲ್ಲ. ಅದು ಮೋಸ ಎಂದು ಬರೆದರು.

ಈಗ ನನಗೆ ಬೇಕಾಗಿದ್ದ ಪುಸ್ತಕಕ್ಕೆ ಬರುತ್ತೇನೆ. ಅದು ಬೆರಕೆ ಮದ್ದುಗಳ ಬಲವನ್ನು ತಿಳಿಯುವ ಬಗೆಯ ಕುರಿತದ್ದು.

ನಮ್ಮ ನಾನಿಗೆ ಎಲ್ಲ ತಿನಿಸೂ ಒಂದೋ ಗರಂ, ಇಲ್ಲವೇ ಥಂಡಾ. ಬೆಲ್ಲ ಗರಂ, ಸೌತೆಕಾಯಿ ಥಂಡಾ. ಕನ್ನಡದ ಮನೆಗಳಲ್ಲೂ ಉಷ್ಣ, ತಂಪು ಎನ್ನುತ್ತಾರೆ. ಯುನಾನಿ ಹಕೀಮರ ಬಳಿ ಹೋದರೆ ಇದೇ ಮಾತು ಮಿಜಾಜ್ ಎಂಬ ಹೆಸರಿನಲ್ಲಿ ಕೇಳಿಸುತ್ತದೆ. ಇದರ ಬೇರು ಗ್ರೀಕ್ ವೈದ್ಯ ಗಾಲೆನ್ ಬಳಿ ಇದೆ. ನಮ್ಮ ಹಕೀಮರು ಅವನನ್ನು ಜಾಲೀನೂಸ್ ಎನ್ನುತ್ತಾರೆ. ಬಿಸಿ, ತಂಪು, ಒಣ, ಹಸಿ ಎಂಬ ನಾಲ್ಕು ಗುಣಗಳು ಪ್ರತಿ ಮದ್ದಿನಲ್ಲೂ ಇವೆ, ಅವುಗಳ ಬಲಕ್ಕೆ ಒಂದರಿಂದ ನಾಲ್ಕರವರೆಗೆ ದರ್ಜೆ ಇದೆ ಎಂದು ಅವನು ಹೇಳಿದ್ದ. ಒಂಟಿ ಮದ್ದಿಗೆ, ಅಂದರೆ ಮುಫ್ರದ್‌ಗೆ, ಇದು ಸಾಕು. ಆದರೆ ಹಕೀಮರು ಕೊಡುವುದು ಹೆಚ್ಚಾಗಿ ಮುರಕ್ಕಬ್, ನಾಲ್ಕಾರು ವಸ್ತು ಸೇರಿದ ಬೆರಕೆ. ಎರಡನೇ ದರ್ಜೆಯ ಬಿಸಿಯ ಜೊತೆ ಒಂದನೇ ದರ್ಜೆಯ ತಂಪು ಸೇರಿದರೆ ಆ ಬೆರಕೆ ಯಾವ ದರ್ಜೆ? ಇದಕ್ಕೆ ಗಾಲೆನ್ ಲೆಕ್ಕ ಕೊಟ್ಟಿರಲಿಲ್ಲ. ಅಂದಾಜೇ ಗತಿಯಾಗಿತ್ತು.

ಅಲ್-ಕಿಂದಿಯವರು ಅಂದಾಜನ್ನು ಬಿಟ್ಟು ಅನುಪಾತವನ್ನು ಹಿಡಿದರು. ಬಿಸಿ ಮತ್ತು ತಂಪು ಸಮ ಇದ್ದರೆ, ಅಂದರೆ 1ಕ್ಕೆ 1 ಇದ್ದರೆ, ಮದ್ದು ಸಮತೋಲದ್ದು. ಬಿಸಿ ತಂಪಿನ 2 ಪಟ್ಟಾದರೆ ಮೊದಲ ದರ್ಜೆ. 4 ಪಟ್ಟಾದರೆ ಎರಡನೇ ದರ್ಜೆ, 8 ಪಟ್ಟಾದರೆ ಮೂರನೇ ದರ್ಜೆ, 16 ಪಟ್ಟಾದರೆ ನಾಲ್ಕನೇ ದರ್ಜೆ. ನಮ್ಮ ವಿಭಾಗದವರು ಇದನ್ನು ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ. ದರ್ಜೆ ಸರಳ ಬಡ್ಡಿಯ ಹಾಗೆ ಒಂದೊಂದೇ ಏರುತ್ತದೆ, ಒಳಗಿನ ಅನುಪಾತ ಚಕ್ರಬಡ್ಡಿಯ ಹಾಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ.

ಅವರು ಕೊಟ್ಟ ಒಂದು ಉದಾಹರಣೆ ನಮ್ಮ ಅಡುಗೆ ಮನೆಯದೇ ಅನ್ನಿಸುತ್ತದೆ. ಏಲಕ್ಕಿ 1 ದಿರ್ಹಮ್ ತೂಕ, ಸಕ್ಕರೆ 2, ನೀಲಿ 1, ನೆಲ್ಲಿ 2. ಏಲಕ್ಕಿಯಲ್ಲಿ ಬಿಸಿ 1 ಭಾಗ, ತಂಪು ಅರ್ಧ. ಸಕ್ಕರೆಯಲ್ಲಿ ಬಿಸಿ 2, ತಂಪು 1. ನೀಲಿಯಲ್ಲಿ ಬಿಸಿ ಅರ್ಧ, ತಂಪು 1. ನೆಲ್ಲಿಯಲ್ಲಿ ಬಿಸಿ 1, ತಂಪು 2. ಕೂಡಿಸಿದರೆ ಬಿಸಿ ನಾಲ್ಕೂವರೆ, ತಂಪೂ ನಾಲ್ಕೂವರೆ. ಅಂದರೆ ಈ ಬೆರಕೆ ಬಿಸಿಯೂ ಅಲ್ಲ, ತಂಪೂ ಅಲ್ಲ. ಅದೇ ರೀತಿ ಒಣ ಗುಣ ಕೂಡಿಸಿದರೆ 6, ಹಸಿ ಗುಣ 3. 6ಕ್ಕೆ 3 ಎಂದರೆ 2 ಪಟ್ಟು. ಆದ್ದರಿಂದ ಇದು ಮೊದಲ ದರ್ಜೆಯ ಒಣ ಮದ್ದು. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ಶಿಲ್ಕು ತೆಗೆಯುವ ಹಾಗೆ!

ಬಿಸಿ, ತಂಪಿನ ಈ ಸಿದ್ಧಾಂತವನ್ನು ಇಂದಿನ ರಸಾಯನಶಾಸ್ತ್ರ ಒಪ್ಪುವುದಿಲ್ಲ. ಅದು ಬೇರೆ ಮಾತು. ಬೆರಕೆಯ ಬಲ ಅದರ ಭಾಗಗಳ ಅಳತೆಯಿಂದ ಬರುತ್ತದೆ, ಆ ಅಳತೆಗೆ ನಿಯಮ ಇರಬೇಕು, ನಿಯಮವನ್ನು ಅಂಕಿಯಲ್ಲಿ ಹೇಳಬಹುದು ಎಂಬ ಆಲೋಚನೆ ಇದೆಯಲ್ಲ, ಅದು ದೊಡ್ಡದು. 12ನೇ ಶತಮಾನದಲ್ಲಿ ಈ ಪುಸ್ತಕ ಸ್ಪೇನಿನಲ್ಲಿ ಲ್ಯಾಟಿನ್ ಭಾಷೆಗೆ ಹೋಯಿತು. ಯುರೋಪಿನವರು ಅಲ್-ಕಿಂದಿಯವರನ್ನು ಅಲ್ಕಿಂಡಸ್ ಎಂದು ಕರೆದು ಓದಿದರು. 16ನೇ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊ ಜಗತ್ತಿನ ಹನ್ನೆರಡು ಮಹಾ ಬುದ್ಧಿವಂತರಲ್ಲಿ ಅವರನ್ನೂ ಸೇರಿಸಿದ.

ಎಲ್ಲರೂ ಒಪ್ಪಿದರು ಎಂದಲ್ಲ. 12ನೇ ಶತಮಾನದಲ್ಲಿ ಕೊರ್ಡೋಬಾದ ಇಬ್ನ್ ರುಶ್ದ್ ಈ ಲೆಕ್ಕವನ್ನು ಕಟುವಾಗಿ ಟೀಕಿಸಿದರು. ಅದಕ್ಕೂ ಮೊದಲು, 980ರಲ್ಲಿ ಹುಟ್ಟಿದ ಇಬ್ನ್ ಸೀನಾ ತಮ್ಮ ಅಲ್-ಕಾನೂನ್ ಗ್ರಂಥದ ಐದನೇ ಭಾಗವನ್ನು ಬೆರಕೆ ಮದ್ದುಗಳಿಗೇ ಮೀಸಲಿಟ್ಟರು. ಬೆರೆತ ಮೇಲೆ ಬಿಡಿ ವಸ್ತುಗಳಲ್ಲಿ ಕಾಣದ ಗುಣ ಹುಟ್ಟಬಹುದು, ಆದ್ದರಿಂದ ಅನುಭವದಲ್ಲಿ ಪರೀಕ್ಷಿಸಿದ ಬೆರಕೆಯೇ ಮೇಲು ಎಂದು ಅವರು ತಿಳಿಸಿದರು. ಅಲ್-ಕಿಂದಿ ಲೆಕ್ಕ ಹಾಕಿ ಎಂದರು. ಇಬ್ನ್ ಸೀನಾ ಪರೀಕ್ಷೆ ಮಾಡಿ ಎಂದರು. ಎರಡೂ ಬೇಕು ಎಂಬುದು ಇಂದಿನ ವಿಜ್ಞಾನದ ನಿಲುವು.

ಇಂದು ವಿಷಗಳ ಬೆರಕೆಯನ್ನು ಅಳೆಯುವ ದಾರಿಗಳನ್ನು ನಾನು ತಿಳಿದಷ್ಟು ಹೇಳುತ್ತೇನೆ. ಮೊದಲನೆಯದು ಕೂಡಿಸುವ ಲೆಕ್ಕ. ದೇಹದಲ್ಲಿ ಒಂದೇ ರೀತಿ ಕೆಲಸ ಮಾಡುವ ವಿಷಗಳಿಗೆ ಇದನ್ನು ಬಳಸುತ್ತಾರೆ. ಪ್ರತಿ ವಿಷ ದೇಹಕ್ಕೆ ಸೇರಿದ ಪ್ರಮಾಣವನ್ನು ಅದರ ಸುರಕ್ಷಿತ ಮಿತಿಯಿಂದ ಭಾಗಿಸಬೇಕು. ಬಂದ ಉತ್ತರಗಳನ್ನು ಕೂಡಿಸಬೇಕು. ಮೊತ್ತ 1 ದಾಟಿದರೆ ಎಚ್ಚರ. ಉದಾಹರಣೆಗೆ, ಎರಡು ವಿಷಗಳ ಮಿತಿ ತಲಾ 10 ಎಂದು ಇಟ್ಟುಕೊಳ್ಳಿ. ಒಂದು 6 ಸೇರಿತು, ಇನ್ನೊಂದು 7 ಸೇರಿತು. ಬಿಡಿಯಾಗಿ ನೋಡಿದರೆ ಎರಡೂ ಮಿತಿಯೊಳಗೆ. ಕೂಡಿಸಿದರೆ 0.6 ಮತ್ತು 0.7, ಒಟ್ಟು 1.3. ಮಿತಿ ದಾಟಿಯೇ ಹೋಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1986ರಲ್ಲಿ ಬೆರಕೆ ರಾಸಾಯನಿಕಗಳಿಗಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಲೆಕ್ಕವಿದೆ. ಮಾಮುವಿನ ಡಬ್ಬಿಗಳ ಚೀಟಿಯಲ್ಲಿ ಇರದೇ ಹೋದದ್ದು ಇದೇ.

ಎರಡನೆಯದು ಬೇರೆ ಬೇರೆ ರೀತಿ ಕೆಲಸ ಮಾಡುವ ವಿಷಗಳಿಗೆ. ಬ್ಲಿಸ್ ಎಂಬ ಅಮೆರಿಕದ ವಿಜ್ಞಾನಿ 1939ರಲ್ಲಿ ಇದನ್ನು ವಿವರಿಸಿದರು. ಒಂದು ವಿಷ 100 ಹುಳಗಳಲ್ಲಿ 20ನ್ನು ಕೊಲ್ಲುತ್ತದೆ. ಇನ್ನೊಂದೂ 20ನ್ನು ಕೊಲ್ಲುತ್ತದೆ. ಎರಡೂ ಸೇರಿದರೆ 40 ಅಲ್ಲ, ಮೊದಲನೆಯದರಿಂದ ಉಳಿದ 80ರಲ್ಲಿ ನೂರಕ್ಕೆ 20ರಂತೆ 16, ಒಟ್ಟು 36. ಬಟ್ಟೆ ಅಂಗಡಿಯಲ್ಲಿ 20ರ ಮೇಲೆ ಮತ್ತೆ 20 ಶೇಕಡಾ ರಿಯಾಯಿತಿ ಎಂದರೆ 40 ಸಿಗದೆ 36 ಸಿಗುತ್ತದಲ್ಲ, ಅದೇ ಲೆಕ್ಕ.

ಮೂರನೆಯದು ಈ ಎರಡೂ ಲೆಕ್ಕಗಳನ್ನು ಮೀರುವ ಸಂಗತಿ, ಇಬ್ನ್ ಸೀನಾ ಎಚ್ಚರಿಸಿದ್ದು. ಮೆಲಾಥಿಯಾನ್ ಎಂಬ ಕೀಟನಾಶಕವನ್ನು ನಮ್ಮ ಯಕೃತ್ತು ಒಂದು ಕಿಣ್ವದಿಂದ ಬೇಗ ಒಡೆದುಹಾಕುತ್ತದೆ. ಆದ್ದರಿಂದ ಅದು ಮನುಷ್ಯರಿಗೆ ಉಳಿದ ಕೆಲವು ಎಣ್ಣೆಗಳಷ್ಟು ಅಪಾಯಕಾರಿ ಅಲ್ಲ. ಆದರೆ ಇಪಿಎನ್ ಎಂಬ ಇನ್ನೊಂದು ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಮೆಲಾಥಿಯಾನ್ ಒಡೆಯದೆ ಉಳಿಯುತ್ತದೆ. ಎರಡೂ ಸೇರಿದಾಗ ವಿಷದ ಬಲ ಕೂಡಿಸಿದ ಲೆಕ್ಕಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ ಎಂದು 1957ರಲ್ಲಿ ಅಮೆರಿಕದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಗೊತ್ತಾಯಿತು. ಮನೆಯ ಕಾವಲುಗಾರನನ್ನು ಒಬ್ಬ ಹಿಡಿದುಕೊಂಡರೆ ಇನ್ನೊಬ್ಬ ಸಲೀಸಾಗಿ ಒಳಗೆ ನುಗ್ಗಿದ ಹಾಗೆ.

ಇದು ಹೊಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಸುರಪುರ ತಾಲ್ಲೂಕಿನದೇ ಕಿರದಳ್ಳಿ ತಾಂಡಾದಲ್ಲಿ, ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಸುತ್ತಲಿನ ಪ್ರದೇಶದಲ್ಲಿ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿ ಮೀರಿದೆ, ಜನರ ಚರ್ಮಕ್ಕೆ ರೋಗ ಬಂದಿದೆ ಎಂದು ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಕೂಡ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು. ನೀರಿನ ಪರೀಕ್ಷೆಯ ಕಾಗದದಲ್ಲಿ ಪ್ರತಿಯೊಂದಕ್ಕೂ ಒಂದೊಂದು ಸಾಲು ಇರುತ್ತದೆ. ಆದರೆ ನಾವು ಸಾಲು ಸಾಲಾಗಿ ಕುಡಿಯುವುದಿಲ್ಲವಲ್ಲ, ಒಂದೇ ಲೋಟದಲ್ಲಿ ಕುಡಿಯುತ್ತೇವೆ.

ಮತ್ತೆ ಬಗ್ದಾದಿಗೆ ಹೋಗೋಣ. ಅಲ್-ಕಿಂದಿಯವರ ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. 847ರಲ್ಲಿ ಅಲ್-ಮುತವಕ್ಕಿಲ್ ಖಲೀಫಾ ಆದರು. ಅರಮನೆಯಲ್ಲಿ ಬನೂ ಮೂಸಾ ಸಹೋದರರ ಮಾತು ನಡೆಯುತ್ತಿತ್ತು. ಅವರೂ ದೊಡ್ಡ ವಿದ್ವಾಂಸರೇ, ಯಂತ್ರಗಳ ಬಗ್ಗೆ ಪ್ರಸಿದ್ಧ ಪುಸ್ತಕ ಬರೆದವರು. ಆದರೆ ಹೊಟ್ಟೆಕಿಚ್ಚು ವಿದ್ವಾಂಸರನ್ನೂ ಬಿಡುವುದಿಲ್ಲ. ಅವರ ಚಾಡಿ ಕೇಳಿ ಖಲೀಫಾ ಅಲ್-ಕಿಂದಿಯವರನ್ನು ಹೊಡೆಸಿದರು, ಅವರ ಇಡೀ ಗ್ರಂಥಾಲಯವನ್ನು ಸಹೋದರರು ಬಸ್ರಾಕ್ಕೆ ಸಾಗಿಸಿದರು ಎಂದು ವೈದ್ಯರ ಚರಿತ್ರೆ ಬರೆದ ಇಬ್ನ್ ಅಬೀ ಉಸೈಬಿಯಾ ದಾಖಲಿಸಿದ್ದಾರೆ. ವಿದ್ವಾಂಸನಿಂದ ಪುಸ್ತಕ ಕಿತ್ತುಕೊಳ್ಳುವುದು ರೈತನಿಂದ ಹೊಲ ಕಿತ್ತುಕೊಂಡಂತೆ.

ಆ ಪುಸ್ತಕಗಳು ಮರಳಿ ಬಂದ ಕಥೆ ಕಾಲುವೆಯದು, ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವಂಥದು. ಖಲೀಫಾ ತಮ್ಮ ಹೊಸ ನಗರಕ್ಕೆ ಒಂದು ಕಾಲುವೆ ತೋಡಿಸಲು ಬನೂ ಮೂಸಾ ಸಹೋದರರಿಗೆ ವಹಿಸಿದ್ದರು. ಅವರು ಆ ಕೆಲಸವನ್ನು ಅಲ್-ಫರ್ಗಾನಿ ಎಂಬವರಿಗೆ ಕೊಟ್ಟರು. ಮಟ್ಟದ ಲೆಕ್ಕ ತಪ್ಪಿತು. ಕಾಲುವೆಯ ಬಾಯಿ ಮುಂದಿನ ಭಾಗಕ್ಕಿಂತ ಆಳವಾಯಿತು, ನದಿ ತುಂಬಿದಾಗ ಬಿಟ್ಟರೆ ನೀರು ಮುಂದೆ ಹರಿಯುವಂತಿರಲಿಲ್ಲ. ಖಲೀಫಾಗೆ ಸುದ್ದಿ ಮುಟ್ಟಿತು. ಪರೀಕ್ಷೆ ಮಾಡಲು ಸನದ್ ಇಬ್ನ್ ಅಲಿ ಎಂಬ ವಿದ್ವಾಂಸರನ್ನು ಕರೆಸಿದರು. ಅವರನ್ನೂ ಹಿಂದೆ ಈ ಸಹೋದರರೇ ಅರಮನೆಯಿಂದ ದೂರ ಮಾಡಿದ್ದರು. ಈಗ ಪ್ರಾಣಭಯದಿಂದ ಅವರ ಕಾಲಿಗೆ ಬಿದ್ದರು. ಸನದ್ ತಮಗಾಗಿ ಏನೂ ಕೇಳಲಿಲ್ಲ. ಅಲ್-ಕಿಂದಿಯವರ ಪುಸ್ತಕಗಳೆಲ್ಲ ಅವರ ಮನೆ ಸೇರಬೇಕು, ಸೇರಿದವು ಎಂದು ಅವರ ಕೈಬರಹದ ರಸೀದಿ ಬರಬೇಕು, ಆಮೇಲೆಯೇ ಮಾತು ಎಂದರು. ಪುಸ್ತಕಗಳು ಮರಳಿದವು, ರಸೀದಿಯೂ ಬಂತು. ನದಿಯಲ್ಲಿ ನೀರು ಹೆಚ್ಚಿರುವ ನಾಲ್ಕು ತಿಂಗಳು ಈ ತಪ್ಪು ಕಾಣುವುದಿಲ್ಲ ಎಂದು ಸನದ್ ಲೆಕ್ಕ ಹಾಕಿ, ಕಾಲುವೆಯಲ್ಲಿ ದೋಷವಿಲ್ಲ ಎಂದುಬಿಟ್ಟರು. ಆ ತಿಂಗಳುಗಳು ಮುಗಿಯುವ ಮೊದಲೇ, 861ರಲ್ಲಿ, ಖಲೀಫಾ ಕೊಲೆಯಾದರು. ಸಹೋದರರು ಬದುಕಿಕೊಂಡರು. ಸನದ್ ಹೇಳಿದ ಸುಳ್ಳು ಸರಿಯೋ ತಪ್ಪೋ ಎಂದು ನಮ್ಮ ಮನೆಯಲ್ಲಿ ಒಂದು ರಾತ್ರಿ ಪೂರ್ತಿ ವಾದ ನಡೆಯಿತು. ಆದರೆ ಗೆಳೆಯನೂ ಅಲ್ಲದ ಒಬ್ಬ ವಿದ್ವಾಂಸನ ಪುಸ್ತಕಕ್ಕಾಗಿ ಅವರು ಪಟ್ಟು ಹಿಡಿದದ್ದನ್ನು ಎಲ್ಲರೂ ಮೆಚ್ಚಿದೆವು.

ಅಲ್-ಕಿಂದಿಯವರು ಸುಮಾರು 873ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡರು. ಆಗ ಅವರಿಗೆ ಮೊದಲಿನ ಹೆಸರು, ಅರಮನೆಯ ಆಸರೆ ಉಳಿದಿರಲಿಲ್ಲ. ಅವರ ಬರಹಗಳಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ಕಳೆದುಹೋದವು. ಕೆಲವು ಅರಬ್ಬಿಯಲ್ಲಿ ಇಲ್ಲವಾಗಿ ಲ್ಯಾಟಿನಿನಲ್ಲಿ ಮಾತ್ರ ಉಳಿದವು. ಆದರೂ ಉಳಿದಷ್ಟು ಸಾಕಾಯಿತು, ಬೋನಾಳದ ಒಂದು ಮನೆಯವರೆಗೆ ಬರಲು.

ಈ ಜೀವನದಿಂದ ನಾನು ತೆಗೆದುಕೊಂಡದ್ದು ಇಷ್ಟು. ಗೊತ್ತಿಲ್ಲದ ಕಡೆ ಅಂದಾಜಿನಲ್ಲಿ ಕಲಸಬಾರದು. ಈಗ ಮಾಮು ಒಂದು ಸಲಕ್ಕೆ ಒಂದೇ ಎಣ್ಣೆ ಹೊಡೆಯುತ್ತಾರೆ. ಕೂಲಿ ಹೆಚ್ಚಾಯಿತು ಎಂದು ಗೊಣಗುತ್ತಾರೆ, ನಿಜ. ಆಸ್ಪತ್ರೆಯ ಮೂರು ದಿನದ ಖರ್ಚನ್ನು ಕೂಲಿಯ ಪಕ್ಕದಲ್ಲಿ ಬರೆದು ತೋರಿಸಿದ ಮೇಲೆ ಗೊಣಗುವುದು ಸ್ವಲ್ಪ ಕಡಿಮೆಯಾಗಿದೆ. ಕೈಗವಸು, ಬಾಯಿಗೆ ಬಟ್ಟೆ ಇಲ್ಲದೆ ಪಂಪು ಹೆಗಲಿಗೇರಿಸಲು ನಾನಿ ಬಿಡುವುದಿಲ್ಲ. ಡ್ರಮ್ಮನ್ನು ಕೆರೆಗೆ ಹೋಗುವ ನೀರಿನಲ್ಲಿ ತೊಳೆಯುವುದನ್ನೂ ನಿಲ್ಲಿಸಿದ್ದಾರೆ, ಏಕೆಂದರೆ ಆ ನೀರಿನಲ್ಲಿ ಹಕ್ಕಿಗಳಿವೆ, ಎಮ್ಮೆಗಳಿವೆ.

ನಮ್ಮ ಕಾಲೇಜಿನಲ್ಲಿ ರೈತರ ಮನೆಯಿಂದ ಬರುವವರು ಬಹಳ ಮಂದಿ ಇದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. ಈ ವಾರ ಮನೆಗೆ ಹೋದಾಗ ಎಣ್ಣೆಯ ಡಬ್ಬಿಗಳ ಚೀಟಿ ಓದಿ, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅಬ್ಬಾನೋ ಅಪ್ಪನೋ ಅವುಗಳನ್ನು ಕಲಸುತ್ತಿದ್ದರೆ, ಕಲಸಬಹುದೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿಕೊಂಡು ಬನ್ನಿ. ಮನೆಯಲ್ಲಿ ಓದು ಬಲ್ಲವರು ನಾವೇ ಆಗಿದ್ದರೆ, ಇಷ್ಟು ಕೆಲಸ ನಮ್ಮ ಮೇಲಿದೆ.